ರೇಷ್ಮೆ ಸಾಕುವ ಮನೆಯ ಕತೆಗೆ ಚಿತ್ರ ಬರೆಯುವ ಮೊದಲು ಏನೇನು ನೋಡಿಕೊಳ್ಳಬೇಕು?

ಪ್ರಶ್ನೆ: ಚಿತ್ರಕಲಾ ಶಿಕ್ಷಕಿ, ತುಮಕೂರು

ಎಲ್ಲರಿಗೂ ನಮಸ್ಕಾರ. ತುಮಕೂರಿನ ಪ್ರೌಢಶಾಲೆಯೊಂದರಲ್ಲಿ ಚಿತ್ರಕಲೆ ಕಲಿಸುತ್ತಿರುವ ನಾನು ಪತ್ರಿಕೆಗಳ ಮಕ್ಕಳ ಪುಟಗಳಿಗೆ ಆಗಾಗ ಬಿಡಿ ಚಿತ್ರಗಳನ್ನು ಬರೆದುಕೊಟ್ಟಿದ್ದೇನೆ. ಇಡೀ ಒಂದು ಪುಸ್ತಕಕ್ಕೆ ಚಿತ್ರ ಬರೆಯುವ ಕೆಲಸ ಈಗ ಮೊದಲ ಬಾರಿಗೆ ಬಂದಿದೆ. ಕತೆ ನಡೆಯುವುದು ಶಿಡ್ಲಘಟ್ಟದ ಹತ್ತಿರದ ಹಳ್ಳಿಯೊಂದರ ರೇಷ್ಮೆ ಸಾಕುವ ಮನೆಯಲ್ಲಿ. ಎಂಟು ವರ್ಷದ ಹುಡುಗಿಯೊಬ್ಬಳು ಒಂದು ಬೆಳೆಯ ಹುಳುಗಳನ್ನು ಚಾಕಿಯಿಂದ (ಎಳೆಯ ಹುಳುವಿನ ಹಂತದಿಂದ) ಗೂಡಿನವರೆಗೆ ನೋಡುತ್ತಾ ಹೋಗುತ್ತಾಳೆ; ನಡುನಡುವೆ ಅವಳ ಅಜ್ಜಿ ತಾನು ಚಿಕ್ಕವಳಿದ್ದಾಗಿನ, ಅಂದರೆ 1970ರ ದಶಕದ, ರೇಷ್ಮೆ ಮನೆಯನ್ನು ನೆನೆಯುತ್ತಾಳೆ. ಕೊನೆಯಲ್ಲಿ ಗೂಡು ಮಾರುಕಟ್ಟೆಗೆ ಹೋಗಿ, ಅಲ್ಲಿಂದ ನೂಲು ತೆಗೆಯುವ ಮನೆ ಸೇರುತ್ತದೆ. ಪುಸ್ತಕ 24 ಪುಟಗಳದ್ದು, ನಡುವೆ ಪಿನ್ ಹೊಡೆದದ್ದು, ಐದರಿಂದ ಎಂಟು ವರ್ಷದ ಮಕ್ಕಳಿಗಾಗಿ. ಮೊದಲು ಕನ್ನಡದಲ್ಲಿ, ಆಮೇಲೆ ತೆಲುಗು ಮತ್ತು ಇಂಗ್ಲಿಷಿನಲ್ಲಿ ತರುವ ಯೋಚನೆ ಪ್ರಕಾಶಕರಿಗಿದೆ.

ನಮ್ಮ ಕಡೆ ತೆಂಗಿನ ತೋಟ, ಕೊಬ್ಬರಿ, ಅಡಿಕೆಯ ವಿಚಾರ ಕೇಳಿದರೆ ಕಣ್ಣು ಮುಚ್ಚಿಯೂ ಬರೆದೇನು. ರೇಷ್ಮೆಯನ್ನು ಮಾತ್ರ ಹತ್ತಿರದಿಂದ ನೋಡಿದವಳಲ್ಲ. ಅಂತರ್ಜಾಲದಲ್ಲಿ ಹುಡುಕಿದರೆ ಸಾವಿರಾರು ಚಿತ್ರಗಳು ಬರುತ್ತವೆ, ಆದರೆ ಒಂದರಲ್ಲಿ ಇರುವುದು ಇನ್ನೊಂದರಲ್ಲಿ ಇಲ್ಲ. ಯಾವುದು ನಮ್ಮ ನಾಡಿನದು, ಯಾವುದು ಚೀನಾ ಜಪಾನಿನದು, ಯಾವುದು ಯಂತ್ರವೇ ಕಲ್ಪಿಸಿಕೊಂಡದ್ದು ಎಂದು ತಿಳಿಯುವುದಿಲ್ಲ. ಅಧ್ಯಯನವನ್ನು ಎಲ್ಲಿಂದ ಆರಂಭಿಸಬೇಕು, ಎಷ್ಟರಮಟ್ಟಿಗೆ ನಿಖರವಾಗಿರಬೇಕು, ಕರಡಿನಿಂದ ಅಚ್ಚಿನವರೆಗೆ ಚಿತ್ರವನ್ನು ಹೇಗೆ ಸಿದ್ಧಪಡಿಸಿ ಕೊಡಬೇಕು ಎಂಬುದನ್ನು ಅನುಭವಸ್ಥರು ದಯವಿಟ್ಟು ತಿಳಿಸಬೇಕಾಗಿ ಕೋರುತ್ತೇನೆ. ನೂಲು ತೆಗೆಯುವಾಗ ಗೂಡನ್ನು ಬಿಸಿನೀರಿಗೆ ಹಾಕುವ ಪುಟವೊಂದಿದೆ. ಅದನ್ನು ಚಿಕ್ಕ ಮಕ್ಕಳಿಗೆ ಹೇಗೆ ತೋರಿಸುವುದು ಎಂಬ ಚಿಂತೆ ನನಗೆ ಎಲ್ಲಕ್ಕಿಂತ ಹೆಚ್ಚಾಗಿದೆ.

ಉತ್ತರ: ಚಿತ್ರಕಾರ, ಕೋಲಾರ

ನಮಸ್ಕಾರ ಮೇಡಂ. ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುತ್ತಾ ಬಂದವನಾದ್ದರಿಂದ ನನ್ನ ಕ್ರಮವನ್ನು ಹೇಳುತ್ತೇನೆ.

ಬಣ್ಣಕ್ಕೆ ಕೈ ಹಾಕುವ ಮೊದಲು ಕತೆಯನ್ನು ಅಗಲವಾದ ಅಂಚು ಬಿಟ್ಟು ಮುದ್ರಿಸಿಕೊಳ್ಳಿ. ಪ್ರತಿ ವಾಕ್ಯದ ಪಕ್ಕದಲ್ಲಿ, ಆ ವಾಕ್ಯ ಹೇಳದೆ ಬಿಟ್ಟಿರುವುದನ್ನು ಬರೆಯುತ್ತಾ ಹೋಗಿ. ‘ಅಜ್ಜಿ ಬೆಳಿಗ್ಗೆ ಸೊಪ್ಪು ಹಾಕಿದಳು’ ಎಂದು ಬರೆದರೆ ಲೇಖಕರ ಕೆಲಸ ಮುಗಿಯಿತು, ಚಿತ್ರ ಬರೆಯುವವರ ಕೆಲಸ ಅಲ್ಲಿಂದ ಶುರು. ಸೊಪ್ಪನ್ನು ಬಿಡಿ ಎಲೆಯಾಗಿ ಹಾಕುತ್ತಾಳೋ, ರೆಂಬೆ ಸಮೇತವೋ? ಬಿದಿರಿನ ತಟ್ಟೆಗೋ, ಸ್ಟ್ಯಾಂಡಿಗೋ? ಸೊಪ್ಪು ಬಂದದ್ದು ಗೋಣಿಚೀಲದಲ್ಲೋ, ತಲೆಹೊರೆಯಲ್ಲೋ? ಕಿಟಕಿ ಯಾವ ಗೋಡೆಯಲ್ಲಿದೆ, ಅದಕ್ಕೆ ಬಲೆ ಇದೆಯೋ? ಕಾಲಲ್ಲಿ ಚಪ್ಪಲಿ ಇದೆಯೋ? ಹೀಗೆ 24 ಪುಟಗಳನ್ನೂ ಮುಗಿಸಿದಾಗ ನಿಮ್ಮ ಅಧ್ಯಯನದ ಪಟ್ಟಿ ತಾನಾಗಿಯೇ ಸಿದ್ಧವಾಗಿರುತ್ತದೆ. ಅದರಲ್ಲಿ ಕೆಲವನ್ನು ತುಮಕೂರಿನಲ್ಲಿಯೇ ನೋಡಬಹುದು, ಕೆಲವನ್ನು ಶಿಡ್ಲಘಟ್ಟಕ್ಕೇ ಹೋಗಿ ನೋಡಬೇಕು, ಇನ್ನು ಕೆಲವು ಈಗ ಕಣ್ಣಿಗೆ ಸಿಗುವುದೇ ಇಲ್ಲ, ಹಿರಿಯರನ್ನು ಕೇಳಿಯೇ ತಿಳಿಯಬೇಕು. ಪಟ್ಟಿ ಇಲ್ಲದೆ ಹೊರಟವರು ನೂರಾರು ಫೋಟೋಗಳನ್ನು ತರುತ್ತಾರೆ, ಬೇಕಾದ ಒಂದು ಬಾಗಿಲ ಅಗುಳಿ ಮಾತ್ರ ಯಾವುದರಲ್ಲಿಯೂ ಇರುವುದಿಲ್ಲ.

ಸ್ಥಳಕ್ಕೆ ಹೋದಾಗ ಕುಕ್ಕುರುಗಾಲಿನಲ್ಲಿ ಕೂತು ನೋಡಿ, ಕೂತೇ ಫೋಟೋ ತೆಗೆಯಿರಿ. ಎಂಟು ವರ್ಷದ ಹುಡುಗಿಯ ಕಣ್ಣು ಇರುವುದು ನಮ್ಮ ಎದೆಯ ಮಟ್ಟಕ್ಕಿಂತ ಕೆಳಗೆ. ನಿಂತು ತೆಗೆದ ಫೋಟೋದಲ್ಲಿ ಹುಳು ಮೇಯುವ ಹಾಸು ಮೇಲಿನಿಂದ ಕಾಣುತ್ತದೆ. ಅವಳಿಗೆ ಕಾಣುವುದು ಹಾಸಿನ ಅಂಚು, ಅಲ್ಲಿಂದ ಇಳಿಬಿದ್ದ ರೆಂಬೆ, ಮೇಲಿನ ಅಂತಸ್ತಿನ ತಳಭಾಗ, ಸ್ಟ್ಯಾಂಡಿನ ಆಚೆ ಬದಿಯಲ್ಲಿ ಓಡಾಡುವ ಅಮ್ಮನ ಸೊಂಟದವರೆಗಿನ ಸೀರೆ. ಈ ಒಂದು ವ್ಯತ್ಯಾಸದಿಂದ ಇಡೀ ಪುಸ್ತಕದ ನೋಟ ಬೇರೆಯಾಗುತ್ತದೆ. ಕೈಗಳನ್ನು ಮಾತ್ರ ಫೋಟೋಕ್ಕೆ ಬಿಡದೆ ಅಲ್ಲಿಯೇ ಕೂತು ಪೆನ್ಸಿಲಿನಲ್ಲಿ ಬರೆದುಕೊಳ್ಳಿ. ಹಣ್ಣಾದ, ಅಂದರೆ ಗೂಡು ಕಟ್ಟಲು ಸಿದ್ಧವಾದ, ಹುಳುವನ್ನು ಹೆಕ್ಕುವ ಬೆರಳು ಸೊಪ್ಪು ಹರಡುವ ಬೆರಳಿನಂತೆ ಬಾಗುವುದಿಲ್ಲ.

ಊರಿನ ಹಿನ್ನೆಲೆಯ ಬಗ್ಗೆ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ‘ಹಳ್ಳಿ’ ಎಂದ ಕೂಡಲೇ ಇಳಿಜಾರಿನ ಹುಲ್ಲುಛಾವಣಿ, ಪಕ್ಕದಲ್ಲಿ ತುಂಬಿ ಹರಿಯುವ ಹೊಳೆ, ಬಾಗಿದ ತೆಂಗಿನ ಮರ ಬರೆಯುವ ರೂಢಿ ಎಷ್ಟು ಬೇರುಬಿಟ್ಟಿದೆಯೆಂದರೆ, ಕೋಲಾರ–ಚಿಕ್ಕಬಳ್ಳಾಪುರದ ಮಗು ತನ್ನ ಊರನ್ನು ಪುಸ್ತಕದಲ್ಲಿ ಕಂಡದ್ದೇ ಅಪರೂಪ. ನಮ್ಮಲ್ಲಿ ವರ್ಷಪೂರ್ತಿ ಹರಿಯುವ ನದಿಯಿಲ್ಲ. ಇರುವುದು ಕೆರೆ, ಕುಂಟೆ, ಕೊಳವೆಬಾವಿ. ಮನೆಗಳಲ್ಲಿ ಮಾಳಿಗೆ, ಹೆಂಚು, ಈಗ ತಾರಸಿ. ದನದ ಕೊಟ್ಟಿಗೆಗೂ ಹೊಲದ ಬೇಲಿಗೂ ಸೀಳಿದ ಕಲ್ಲುಚಪ್ಪಡಿ. ದಿಗಂತದಲ್ಲಿ ಬೋಳು ಬಂಡೆಗಳ ಬೆಟ್ಟ, ಅದರ ಬುಡದಲ್ಲಿ ನೀಲಗಿರಿ ತೋಪು, ಹೊಂಗೆ, ಹುಣಸೆ. ಚಪ್ಪಡಿಯ ಮೇಲೆ ಉಳಿಯ ಗುರುತು ಸಾಲಾಗಿ ಉಳಿದಿರುವುದನ್ನು ಗಮನಿಸಿ ಬರೆದರೆ ಅದು ಕೋಲಾರದ ಕಲ್ಲು ಎಂದು ಇಲ್ಲಿನವರು ತಕ್ಷಣ ಗುರುತಿಸುತ್ತಾರೆ.

ಇನ್ನು ಕಾಲದ ಲೆಕ್ಕ. ಹುಳುವಿನ ಒಂದು ಬೆಳೆ ಹೆಚ್ಚುಕಡಿಮೆ ಒಂದು ತಿಂಗಳಲ್ಲಿ ಮುಗಿಯುವುದರಿಂದ ಇಂದಿನ ಕತೆಯೆಲ್ಲ ಒಂದೇ ತಿಂಗಳಿನದು. ಮೂರನೇ ಪುಟದ ಕಿಟಕಿಯಾಚೆ ರಾಗಿ ಪೈರು, ಹದಿನೈದನೇ ಪುಟದಲ್ಲಿ ಕಣದಲ್ಲಿ ಒಕ್ಕಣೆ, ಇಪ್ಪತ್ತರಲ್ಲಿ ಮಾವಿನ ಹಣ್ಣು ಬಂದರೆ ಕತೆಯ ಕಾಲವೇ ಕೆಟ್ಟಂತೆ. ನನ್ನನ್ನು ಕೇಳಿದರೆ ನವೆಂಬರ್ ತಿಂಗಳನ್ನು ಆರಿಸಿಕೊಳ್ಳಿ. ರಾಗಿ ಹಸಿರಿನಿಂದ ಕಂದಿಗೆ ತಿರುಗುತ್ತಿರುತ್ತದೆ, ಅಕ್ಕಡಿ (ಮಿಶ್ರ ಬೆಳೆಯ) ಸಾಲಿನಲ್ಲಿ ಅವರೆ ಹೂವಾಗಿರುತ್ತದೆ, ಹುಚ್ಚೆಳ್ಳು ಹಳದಿಯಾಗಿರುತ್ತದೆ, ಬೆಳಿಗ್ಗೆ ಮಂಜು ಬೀಳುತ್ತದೆ. ರಾಗಿ ತೆನೆಯನ್ನು ಗೋಧಿಯ ಹಾಗೆಯೋ ಭತ್ತದ ಹಾಗೆಯೋ ಬರೆಯುವವರು ಬಹಳ. ಅದು ಮಡಚಿದ ಬೆರಳುಗಳ ಹಾಗೆ ಒಳಮುಖವಾಗಿ ಬಾಗಿರುತ್ತದೆ ಎಂಬುದನ್ನು ದಯವಿಟ್ಟು ನೋಡಿಕೊಳ್ಳಿ.

ಪಾತ್ರಗಳಿಗೆ ಬೇರೆ ಹಾಳೆಯನ್ನೇ ಮಾಡಿಕೊಳ್ಳಬೇಕು. ಹುಡುಗಿಯನ್ನು ಮುಂದಿನಿಂದ, ಪಕ್ಕದಿಂದ, ಬೆನ್ನ ಕಡೆಯಿಂದ, ಕೂತಂತೆ, ಓಡುವಂತೆ ಬರೆದು, ಮನೆಯವರನ್ನೆಲ್ಲ ಎತ್ತರದ ಕ್ರಮದಲ್ಲಿ ಒಂದೇ ಗೆರೆಯ ಮೇಲೆ ನಿಲ್ಲಿಸಿ. ಇದಿಲ್ಲದಿದ್ದರೆ ಹತ್ತನೇ ಪುಟಕ್ಕೆ ಬರುವಷ್ಟರಲ್ಲಿ ಅವಳ ವಯಸ್ಸೇ ಬದಲಾಗಿರುತ್ತದೆ. ಬಿಸಿಲಿನಲ್ಲಿ ಸೊಪ್ಪು ಕೊಯ್ಯುವ ಹೆಂಗಸರು ಸೀರೆಯ ಮೇಲೆ ಗಂಡಸರ ತುಂಬುತೋಳಿನ ಶರ್ಟು ತೊಟ್ಟಿರುತ್ತಾರೆ, ತಲೆಗೆ ಟವೆಲು ಸುತ್ತಿರುತ್ತಾರೆ; ಹಾಗೆಯೇ ಬರೆಯಿರಿ. ಮುಖದ ಬಣ್ಣವನ್ನು ಬಿಳಿಚಿಸಬೇಡಿ. ಪುಸ್ತಕ ಅಂದವಾಗಿ ಕಾಣಲಿ ಎಂದು ಮಕ್ಕಳ ಮೈಬಣ್ಣವನ್ನು ತಿಳಿಮಾಡಿಸುವ ಒತ್ತಾಯ ಬಂದರೆ ಒಪ್ಪಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಅಜ್ಜಿಯ ಬಾಲ್ಯದ ಪುಟಗಳಿಗೆ ಹಳೆಯ ಕುಟುಂಬಗಳ ಫೋಟೋಗಳನ್ನು ಕೇಳಿ ನೋಡಿ. ಅವು ಕಪ್ಪು-ಬಿಳುಪಾದ್ದರಿಂದ ಬಟ್ಟೆ, ಬಾಗಿಲುಗಳ ಬಣ್ಣವನ್ನು ಹಿರಿಯರ ಬಾಯಿಂದಲೇ ತಿಳಿಯಬೇಕು. ಕತೆಯಲ್ಲಿ ರೈಲು ಬಂದರೆ, ಆಗ ಬಂಗಾರಪೇಟೆ–ಕೋಲಾರ–ಚಿಕ್ಕಬಳ್ಳಾಪುರ ಮಾರ್ಗದಲ್ಲಿ ಇದ್ದದ್ದು ನ್ಯಾರೋ ಗೇಜ್ ರೈಲು. ಈಗಿನ ಬ್ರಾಡ್ ಗೇಜ್ ಬೋಗಿಗಳನ್ನು ಬರೆದರೆ ತಪ್ಪಾಗುತ್ತದೆ. ಚಿಕ್ಕಬಳ್ಳಾಪುರ ಜಿಲ್ಲೆಯಾದದ್ದೇ 2007ರಲ್ಲಿ. ಆದ್ದರಿಂದ ಆ ಕಾಲದ ಶಾಲೆಯ ಫಲಕದ ಮೇಲೆ ‘ಕೋಲಾರ ಜಿಲ್ಲೆ’ ಎಂದಿರಬೇಕು.

ಇಷ್ಟಾದ ಮೇಲೆ ಎ4 ಹಾಳೆಗಳನ್ನು ಆರು ತೆಗೆದುಕೊಂಡು ಮಧ್ಯಕ್ಕೆ ಮಡಚಿ, ಒಂದರೊಳಗೊಂದು ಇಟ್ಟು ಪಿನ್ ಹೊಡೆದರೆ 24 ಪುಟಗಳ ಅಣಕು ಪುಸ್ತಕ ಸಿದ್ಧ. ಮೊದಲ ಪುಟ ಶೀರ್ಷಿಕೆಗೆ, ಎರಡನೆಯದು ಮುದ್ರಣ ವಿವರಕ್ಕೆ ಹೋದರೆ ಕತೆ ಮೂರರಿಂದ ಶುರುವಾಗುತ್ತದೆ. ಮಗು ಏನನ್ನು ಕಾಯುತ್ತಿದೆಯೋ ಅದು ಬಲಪುಟ ತಿರುಗಿಸಿದ ಮೇಲೆಯೇ ಕಾಣುವಂತೆ ಹಂಚಿಕೊಳ್ಳಿ. ಈ ಅಣಕು ಪುಸ್ತಕದಲ್ಲಿ ಚಿತ್ರಗಳು ಹೆಬ್ಬೆಟ್ಟಿನಷ್ಟಿದ್ದರೆ ಸಾಕು. ಸಂಪಾದಕರು ಇದನ್ನು ಒಪ್ಪಿದ ನಂತರವೇ ದೊಡ್ಡ ಕರಡು, ಕರಡು ಒಪ್ಪಿದ ನಂತರವೇ ಬಣ್ಣ.

ಉತ್ತರ: ರೇಷ್ಮೆ ಬೆಳೆಗಾರ, ಶಿಡ್ಲಘಟ್ಟ ತಾಲ್ಲೂಕು

ಮೇಡಂ ಅವರಿಗೆ ನಮಸ್ಕಾರ. ಚಿತ್ರಕಲೆಯ ಬಗ್ಗೆ ನನಗೆ ತಿಳಿಯದು. ನಮ್ಮ ಕಸುಬಿನ ಬಗ್ಗೆ ಪುಸ್ತಕ ಬರುತ್ತಿದೆ ಎಂದು ಓದಿ ಸಂತೋಷವಾಗಿ ಬರೆಯುತ್ತಿದ್ದೇನೆ.

ಹುಳುವನ್ನು ಎಲ್ಲ ಪುಟಗಳಲ್ಲಿಯೂ ಒಂದೇ ರೀತಿ ಬರೆಯಬೇಡಿ. ಮೊಟ್ಟೆಯಿಂದ ಹೊರಬಂದಾಗ ಅದು ಕಪ್ಪಗೆ, ರೋಮರೋಮವಾಗಿ, ಇರುವೆಯಷ್ಟು ಸಣ್ಣದಾಗಿರುತ್ತದೆ. ನಾಲ್ಕು ಜ್ವರ ಕಳೆದು ಐದನೇ ಹಂತಕ್ಕೆ ಬಂದಾಗ ಬೆರಳಿನುದ್ದ ಬೆಳೆದು ಬೆಳ್ಳಗಾಗಿರುತ್ತದೆ. ತೂಕದಲ್ಲಿ ಸುಮಾರು 10 ಸಾವಿರ ಪಟ್ಟು ಹೆಚ್ಚಿರುತ್ತದೆ ಎಂದು ರೇಷ್ಮೆ ಇಲಾಖೆಯವರು ತಿಳಿಸುತ್ತಾರೆ. ಜ್ವರ ಎಂದರೆ ಕಾಯಿಲೆಯಲ್ಲ, ಪೊರೆ ಬಿಡುವ ಸಮಯ. ಆಗ ಹುಳು ಸೊಪ್ಪು ತಿನ್ನದೆ, ತಲೆಯನ್ನು ಮೇಲೆತ್ತಿ ಅಲುಗಾಡದೆ ನಿಲ್ಲುತ್ತದೆ. ಹಾಸಿನಲ್ಲಿರುವ ಸಾವಿರಾರು ಹುಳುಗಳು ಒಟ್ಟಿಗೆ ತಲೆಯೆತ್ತಿ ನಿಂತಿರುವ ನೋಟ ನಿಮ್ಮ ಪುಸ್ತಕದಲ್ಲಿ ಇರಲೇಬೇಕು ಎಂಬುದು ನನ್ನ ಆಸೆ. ಆ ಹೊತ್ತಿನಲ್ಲಿ ನಾವು ಸೊಪ್ಪು ಹಾಕುವುದಿಲ್ಲ, ಹಾಸು ಒಣಗಲೆಂದು ಸುಣ್ಣದ ಪುಡಿ ಉದುರಿಸುತ್ತೇವೆ. ಆದ್ದರಿಂದ ಆ ಪುಟದಲ್ಲಿ ಹಸಿರು ಕಡಿಮೆ, ಬಿಳುಪು ಹೆಚ್ಚು.

ಕಾಲುಗಳ ವಿಚಾರದಲ್ಲಿ ಬಹಳಷ್ಟು ಚಿತ್ರಗಳು ತಪ್ಪಾಗಿರುತ್ತವೆ. ತಲೆಯ ಹತ್ತಿರ ಮೂರು ಜೊತೆ ಚಿಕ್ಕ ಚೂಪು ಕಾಲು, ನಡುವೆ ನಾಲ್ಕು ಜೊತೆ ದಪ್ಪ ಕಾಲು, ಕೊನೆಯಲ್ಲಿ ಒಂದು ಜೊತೆ. ಹಿಂಭಾಗದ ಮೇಲೆ ಸಣ್ಣ ಕೊಂಬಿನಂಥದ್ದೊಂದು ಇರುತ್ತದೆ. ಹಣ್ಣಾದ ಹುಳುವಿನ ಮೈ ಹಳದಿಗೆ ತಿರುಗಿ, ಬೆಳಕಿಗೆ ಹಿಡಿದರೆ ಒಳಗೆಲ್ಲ ತಿಳಿಯಾಗಿ ಕಾಣುತ್ತದೆ. ಗೂಡು ಕಟ್ಟುವಾಗ ತಲೆಯನ್ನು ಇಂಗ್ಲಿಷಿನ ಎಂಟರ ಆಕಾರದಲ್ಲಿ ಆಡಿಸುತ್ತದೆ. ಗೂಡಿನ ಬಣ್ಣವನ್ನು ಲೇಖಕರನ್ನು ಕೇಳಿ ಖಚಿತಪಡಿಸಿಕೊಳ್ಳಿ: ಮಿಶ್ರತಳಿಯಾದರೆ ಹಳದಿ ಛಾಯೆ, ಬೈವೋಲ್ಟೈನ್ (ವರ್ಷಕ್ಕೆ ಎರಡು ಪೀಳಿಗೆಯ ತಳಿ) ಆದರೆ ಬಿಳಿ. ಒಂದೇ ಬೆಳೆಯಲ್ಲಿ ಎರಡನ್ನೂ ಬೆರೆಸಿ ಬರೆಯಬಾರದು.

ಹಿಪ್ಪುನೇರಳೆ ಎಲೆಯಲ್ಲಿಯೂ ಕಾಲದ ವ್ಯತ್ಯಾಸವಿದೆ. ಅಜ್ಜಿಯ ಕಾಲದ ನಾಟಿ ಕಡ್ಡಿಯ ಎಲೆಗೆ ಸೀಳುಗಳಿದ್ದವು. ಈಗ ಎಲ್ಲ ಕಡೆ ಇರುವ ವಿ-1 ತಳಿ 1990ರ ದಶಕದ ಕೊನೆಯಲ್ಲಿ ಬಂದದ್ದು. ಅದರ ಎಲೆ ಅಗಲವಾಗಿ, ದಪ್ಪವಾಗಿ, ಸೀಳಿಲ್ಲದೆ ಹೊಳೆಯುತ್ತದೆ. ಹಿಂದೆ ಬಿಡಿ ಎಲೆ ಕೊಯ್ದು ಬಿದಿರಿನ ತಟ್ಟೆಗಳಿಗೆ ಹಾಕುತ್ತಿದ್ದೆವು, ಈಗ ದೊಡ್ಡ ಹುಳುಗಳಿಗೆ ರೆಂಬೆಯನ್ನೇ ಸ್ಟ್ಯಾಂಡಿನ ಮೇಲೆ ಹರಡುತ್ತೇವೆ. ತಟ್ಟೆಯ ಸ್ಟ್ಯಾಂಡಿನ ಕಾಲುಗಳನ್ನು ಇರುವೆ ಹತ್ತದಿರಲೆಂದು ನೀರು ತುಂಬಿದ ಬಟ್ಟಲುಗಳಲ್ಲಿ ನಿಲ್ಲಿಸುತ್ತಿದ್ದದ್ದನ್ನು ಮರೆಯಬೇಡಿ. ಕಿಟಕಿಗೆ ನೈಲಾನ್ ಬಲೆ ಈಗ ಕಡ್ಡಾಯ, ಏಕೆಂದರೆ ಹುಳುವಿನ ಮೈಮೇಲೆ ಮೊಟ್ಟೆಯಿಟ್ಟು ಅದನ್ನು ಕೊಲ್ಲುವ ಊಜಿ ನೊಣದ ಕಾಟ. ಆದರೆ ಆ ನೊಣ ಕರ್ನಾಟಕಕ್ಕೆ ಬಂದದ್ದೇ 1980ರಲ್ಲಿ; ಅಜ್ಜಿಯ ಬಾಲ್ಯದ ಕಿಟಕಿಗೆ ಬಲೆ ಬರೆಯುವ ಅಗತ್ಯವಿಲ್ಲ. ಬಿದಿರಿನ ಚಂದ್ರಿಕೆ ಎರಡೂ ಕಾಲಕ್ಕೆ ಸಲ್ಲುತ್ತದೆ, ಈಗ ಅದರ ಜೊತೆಗೆ ಪ್ಲಾಸ್ಟಿಕ್ ಚಂದ್ರಿಕೆಯೂ ಬಂದಿದೆ. ಬಿದಿರಿನದು ಆಳೆತ್ತರದ ಚಾಪೆ. ಅದರ ಮೇಲೆ ಬಿದಿರಿನ ಪಟ್ಟಿಯನ್ನು ಸುರುಳಿ ಸುರುಳಿಯಾಗಿ ನಿಲ್ಲಿಸಿ ಹೆಣೆದಿರುತ್ತಾರೆ, ಹುಳು ಆ ಸಂದಿಯಲ್ಲಿ ಗೂಡು ಕಟ್ಟುತ್ತದೆ. ಹುಳು ಬಿಟ್ಟ ಚಂದ್ರಿಕೆಗಳನ್ನು ನೆರಳಿನಲ್ಲಿ, ಗಾಳಿಯಾಡುವ ಕಡೆ ಓರೆಯಾಗಿ ನಿಲ್ಲಿಸುತ್ತೇವೆ. ಬಿಸಿಲಿಗೆ ಇಡುವಂತೆ ಬರೆದರೆ ನಮ್ಮವರು ಒಪ್ಪುವುದಿಲ್ಲ.

ನೋಡಲು ಬರುವಾಗ ಮೊದಲೇ ತಿಳಿಸಿ ಬನ್ನಿ. ಕೈಕಾಲು ತೊಳೆದು, ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬರಬೇಕು. ಸೆಂಟು, ಊದಿನಕಡ್ಡಿ, ಸೊಳ್ಳೆಬತ್ತಿಯ ವಾಸನೆ ಹುಳುವಿಗೆ ಆಗದು. ಒಂದು ಮನೆಯನ್ನು ನೋಡಿ ಅದೇ ದಿನ ಇನ್ನೊಂದು ಮನೆಗೆ ಹೋದರೆ ರೋಗ ಹರಡುವ ಭಯದಿಂದ ಮನೆಯವರು ಬಾಗಿಲಲ್ಲೇ ನಿಲ್ಲಿಸಿಯಾರು; ಅದನ್ನು ಅಪಮಾನವೆಂದು ತಿಳಿಯಬಾರದು.

ಉತ್ತರ: ಪ್ರಾಥಮಿಕ ಶಾಲಾ ಶಿಕ್ಷಕಿ, ಚಿಂತಾಮಣಿ

ಮೇಲಿನ ಇಬ್ಬರೂ ಹೇಳಿದ ವಿವರಗಳು ಬಹಳ ಬೆಲೆಯುಳ್ಳವು. ಆದರೂ ಚಿಕ್ಕ ಮಕ್ಕಳ ಜೊತೆ ಪುಸ್ತಕ ಓದುವ ನನಗೆ ಒಂದು ಭಿನ್ನಾಭಿಪ್ರಾಯವಿದೆ. ತಿಳಿದದ್ದನ್ನೆಲ್ಲ ಪುಟಕ್ಕೆ ತುಂಬಿದರೆ ಪುಸ್ತಕ ಕೃಷಿ ಮೇಳದ ಭಿತ್ತಿಪತ್ರವಾಗುತ್ತದೆ. ಹುಡುಗಿ ಮೊದಲ ಸಲ ಹುಳುವನ್ನು ಅಂಗೈ ಮೇಲೆ ಬಿಟ್ಟುಕೊಳ್ಳುವ ಪುಟದಲ್ಲಿ ಇರುವೆ ಬಟ್ಟಲು, ಕಿಟಕಿಯ ಬಲೆ, ಸುಣ್ಣದ ಡಬ್ಬಿ ಯಾವುದೂ ಬೇಕಾಗಿಲ್ಲ; ಅಂಗೈ, ಹುಳು, ಅವಳ ಮುಖ ಇವಿಷ್ಟೇ ಸಾಕು. ಆದರೆ ಇಡೀ ಮನೆ ಕಾಣುವ ಒಂದೆರಡು ಪುಟಗಳನ್ನು ತುಂಬಿ ತುಳುಕುವಂತೆ ಬರೆಯಿರಿ. ಮಕ್ಕಳು ಅಂಥ ಪುಟದ ಮೂಲೆ ಮೂಲೆಯನ್ನು ಬೆರಳಿಟ್ಟು ಹುಡುಕುತ್ತಾರೆ, ಮನೆಯ ಬೆಕ್ಕು ಹಿಂದಿನ ಪುಟದಲ್ಲಿ ಎಲ್ಲಿತ್ತು, ಈಗ ಎಲ್ಲಿಗೆ ಹೋಯಿತು ಎಂದು ಹಿಂದಕ್ಕೂ ಮುಂದಕ್ಕೂ ತಿರುಗಿಸುತ್ತಾರೆ. ನಮ್ಮ ಭಾಗದ ಅನೇಕ ಮಕ್ಕಳು ಮನೆಯಲ್ಲಿ ತೆಲುಗು ಮಾತನಾಡುವವರು. ಒಂದನೇ ತರಗತಿಯಲ್ಲಿ ಕನ್ನಡದ ಅಕ್ಷರ ಇನ್ನೂ ಕೂಡಿಬರುವ ಮೊದಲೇ ಅವರು ಚಿತ್ರದಿಂದ ಕತೆಯನ್ನು ತಾವೇ ಹೇಳುತ್ತಾರೆ. ಆದ್ದರಿಂದ ಪಠ್ಯವನ್ನು ಕೈಯಿಂದ ಮುಚ್ಚಿದರೂ ಕತೆ ನಡೆಯುತ್ತದೆಯೇ ಎಂದು ಪರೀಕ್ಷಿಸಿ.

ಕರಡನ್ನು ಮಕ್ಕಳಿಗೆ ತೋರಿಸುವಾಗ ‘ಚೆನ್ನಾಗಿದೆಯಾ?’ ಎಂದು ಕೇಳಬೇಡಿ. ಚೆನ್ನಾಗಿದೆ ಮಿಸ್ ಎಂದು ಎಲ್ಲರೂ ಒಂದೇ ದನಿಯಲ್ಲಿ ಹೇಳಿಬಿಡುತ್ತಾರೆ. ‘ಇಲ್ಲಿ ಏನಾಗುತ್ತಿದೆ? ಮುಂದೆ ಏನಾಗಬಹುದು? ಇವರು ಯಾರು?’ ಎಂದು ಕೇಳಿ ಸುಮ್ಮನೆ ಕೇಳಿಸಿಕೊಳ್ಳಿ. ಅಮ್ಮನನ್ನು ಅಕ್ಕ ಎಂದರೆ, ಚಂದ್ರಿಕೆಯನ್ನು ಮಂಚ ಎಂದರೆ ತಿದ್ದಬೇಕಾದದ್ದು ಚಿತ್ರವನ್ನು. ತುಮಕೂರಿನ ಮಕ್ಕಳಿಗೂ ತೋರಿಸಿ, ರೇಷ್ಮೆ ಊರಿನ ಮಕ್ಕಳಿಗೂ ತೋರಿಸಿ. ಹತ್ತಿರದ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ (ಗ್ರಂಥಾಲಯದಲ್ಲಿ) ಸಂಜೆ ಮಕ್ಕಳು ಸೇರುತ್ತಾರೆ, ಅಲ್ಲಿಯೂ ಆಗಬಹುದು. ಮಕ್ಕಳ ಫೋಟೋ ತೆಗೆಯುವುದಾದರೆ ಹೆತ್ತವರ ಒಪ್ಪಿಗೆ ಪಡೆದೇ ತೆಗೆಯಬೇಕು, ಮತ್ತು ಯಾವ ಮಗುವಿನ ಮುಖವನ್ನೂ ಇದ್ದಂತೆಯೇ ಪಾತ್ರಕ್ಕೆ ಇಳಿಸಬಾರದು.

ಬಿಸಿನೀರಿನ ಪುಟದ ಬಗ್ಗೆ ಕೇಳಿದ್ದೀರಿ. ರೇಷ್ಮೆ ಮನೆಯ ಮಗುವಿಗೆ ಗೂಡಿನೊಳಗಿನ ಹುಳುವಿಗೆ ಏನಾಗುತ್ತದೆ ಎಂಬುದು ಗೊತ್ತಿರುತ್ತದೆ. ಅದನ್ನು ಮುಚ್ಚಿಟ್ಟು, ಕೊನೆಯ ಪುಟದಲ್ಲಿ ಬಣ್ಣಬಣ್ಣದ ಚಿಟ್ಟೆಗಳು ಗೂಡಿನಿಂದ ಹಾರಿಹೋಗುವಂತೆ ಬರೆದರೆ ಆ ಮಗು ಪುಸ್ತಕವನ್ನು ನಂಬುವುದಿಲ್ಲ. ಪಾತ್ರೆಯೊಳಗನ್ನು ಹತ್ತಿರದಿಂದ ತೋರಿಸಲೇಬೇಕೆಂದೂ ಇಲ್ಲ. ಆವಿ, ತೇಲುವ ಗೂಡುಗಳು, ನೂಲಿನ ಎಳೆ ಹುಡುಕುವ ಕೈ, ಸ್ವಲ್ಪ ದೂರದಲ್ಲಿ ನಿಂತು ನೋಡುತ್ತಿರುವ ಹುಡುಗಿ, ಅವಳ ಹೆಗಲ ಮೇಲೆ ಅಜ್ಜಿಯ ಕೈ: ಇಷ್ಟು ಸಾಕಾಗಬಹುದು. ಪ್ರಶ್ನೆ ಕೇಳುವ ಮಗು ಪಕ್ಕದಲ್ಲಿರುವ ದೊಡ್ಡವರನ್ನು ಕೇಳುತ್ತದೆ, ಅವರು ಉತ್ತರಿಸುತ್ತಾರೆ. ಶಿಡ್ಲಘಟ್ಟದಲ್ಲಿ ನೂಲು ತೆಗೆಯುವ ಕಸುಬಿನಲ್ಲಿ ಮುಸ್ಲಿಂ ಕುಟುಂಬಗಳು ಬಹಳಷ್ಟಿವೆ ಎಂಬುದನ್ನೂ ಆ ಪುಟ ಬರೆಯುವಾಗ ನೆನಪಿನಲ್ಲಿಡಿ. ರೈತನ ಮನೆಯೂ ರೀಲರ್ (ನೂಲು ತೆಗೆಯುವವರ) ಮನೆಯೂ ಒಂದೇ ನೂಲಿಗೆ ಸೇರುವ ಊರು ಅದು, ಪುಸ್ತಕದಲ್ಲಿಯೂ ಹಾಗೆಯೇ ಕಾಣಲಿ.

ಉತ್ತರ: ಪುಟವಿನ್ಯಾಸಕ, ತುಮಕೂರು

ಅಚ್ಚಿಗೆ ಸಂಬಂಧಿಸಿದ ಭಾಗವನ್ನು ನಾನು ಹೇಳುತ್ತೇನೆ. ಪುಸ್ತಕದ ಕತ್ತರಿಸಿದ ಅಳತೆಯನ್ನು ಪ್ರಕಾಶಕರಿಂದ ಲಿಖಿತವಾಗಿ ಪಡೆದ ಮೇಲೆಯೇ ಕರಡು ಶುರುಮಾಡಿ, ಏಕೆಂದರೆ ಚೌಕ ಪುಟಕ್ಕೆ ಬರೆದದ್ದನ್ನು ಆಮೇಲೆ ಉದ್ದ ಪುಟಕ್ಕೆ ಹಿಗ್ಗಿಸಲಾಗುವುದಿಲ್ಲ. ಬಣ್ಣ ಪುಟದಂಚಿನವರೆಗೆ ಹೋಗುವ ಕಡೆ ನಾಲ್ಕೂ ಬದಿಗೆ 3 ಮಿಲಿಮೀಟರ್ ಹೆಚ್ಚುವರಿ ಬರೆದಿರಬೇಕು. ಕೆಲವು ಮುದ್ರಣಾಲಯಗಳು 5 ಮಿ.ಮೀ. ಕೇಳುತ್ತವೆ. ಮುಖ, ಕೈ, ಹುಳುಗಳಂಥ ಮುಖ್ಯ ವಿಷಯಗಳನ್ನು ಅಂಚಿನಿಂದ ಒಂದು ಸೆಂಟಿಮೀಟರಾದರೂ ಒಳಗಿಡಿ. ಎರಡು ಪುಟ ಸೇರುವ ಮಡಿಕೆಯಲ್ಲಿ ಯಾರ ಮುಖವೂ ಸಿಕ್ಕಿಕೊಳ್ಳಬಾರದು. ಪಿನ್ ಹೊಡೆಯುವ 24 ಪುಟಗಳ ಪುಸ್ತಕದಲ್ಲಿ 12 ಮತ್ತು 13ನೇ ಪುಟಗಳು ಮಾತ್ರ ಅಕ್ಕಪಕ್ಕವಾಗಿ ಒಂದೇ ಹಾಳೆಯಲ್ಲಿ ಅಚ್ಚಾಗುತ್ತವೆ. ಉಳಿದೆಡೆ ಎಡ ಬಲ ಪುಟಗಳು ಬೇರೆ ಬೇರೆ ಹಾಳೆಗಳಿಂದ ಬಂದು ಕೂಡುವುದರಿಂದ ಗೆರೆ ಕೂದಲೆಳೆಯಷ್ಟು ಜರುಗಬಹುದು. ರೇಷ್ಮೆ ಬೆಳೆಗಾರರು ಹೇಳಿದ, ಹುಳುಗಳೆಲ್ಲ ತಲೆಯೆತ್ತಿ ನಿಂತ ದೊಡ್ಡ ನೋಟಕ್ಕೆ ಆ ನಡುಪುಟವೇ ತಕ್ಕ ಜಾಗ ಎಂದು ನನಗೆ ತೋರುತ್ತದೆ.

ಕೈಯಲ್ಲಿ ಬರೆಯುವುದಾದರೆ ಅಚ್ಚಿನ ಅಳತೆಗಿಂತ ಕಾಲು ಭಾಗ ದೊಡ್ಡದಾಗಿ, 300 ಜಿಎಸ್‌ಎಂ ಜಲವರ್ಣ ಕಾಗದದಲ್ಲಿ ಬರೆದು, ಅಚ್ಚಿನ ಅಳತೆಯಲ್ಲಿ 300 ಡಿಪಿಐಗಿಂತ ಕಡಿಮೆಯಾಗದಂತೆ ಸ್ಕ್ಯಾನ್ ಮಾಡಿಸಿ. ಮೊಬೈಲಿನಲ್ಲಿ ಫೋಟೋ ತೆಗೆದು ಕಳುಹಿಸಬೇಡಿ; ಅಂಚು ಬಾಗುತ್ತದೆ, ಬಿಳಿ ಕಾಗದ ಹಳದಿಗಟ್ಟುತ್ತದೆ. ಪರದೆಯ ಮೇಲೆ ಮಿನುಗುವ ಹಸಿರು ಸಿಎಂವೈಕೆ (ನಾಲ್ಕು ಶಾಯಿಗಳ) ಮುದ್ರಣದಲ್ಲಿ ಮಂಕಾಗುವುದು ಖಂಡಿತ. ಈ ಪುಸ್ತಕದಲ್ಲಿ ಸೊಪ್ಪಿನ ಹಸಿರೇ ಪ್ರಧಾನವಾದ್ದರಿಂದ ಎಲ್ಲ ಪುಟ ಮುಗಿಸುವ ಮೊದಲೇ ಒಂದು ಪುಟದ ಪ್ರೂಫ್ ತೆಗೆಸಿ ನೋಡಿ, ಆಮೇಲೆ ಹಸಿರನ್ನು ನಿರ್ಧರಿಸಿ.

ಮೂರು ಭಾಷೆಗಳಲ್ಲಿ ಬರುವ ಪುಸ್ತಕವಾದ್ದರಿಂದ ಚಿತ್ರದೊಳಗೆ ಅಕ್ಷರವನ್ನು ಬರೆಯಲೇಬೇಡಿ. ಶಾಲೆಯ ಫಲಕ, ಬಸ್ಸಿನ ಬೋರ್ಡುಗಳನ್ನು ಖಾಲಿ ಬಿಟ್ಟು, ಅಕ್ಷರವನ್ನು ಬೇರೆ ಪದರದಲ್ಲಿ ಕೊಡಿ. ಪಠ್ಯಕ್ಕೆ ಬಿಡುವ ಜಾಗದಲ್ಲಿ ಹೆಚ್ಚು ವಿವರ ಬೇಡ, ಬಣ್ಣ ತಿಳಿಯಾಗಿರಲಿ. ಒತ್ತಕ್ಷರಗಳಿರುವುದರಿಂದ ಕನ್ನಡಕ್ಕೂ ತೆಲುಗಿಗೂ ಸಾಲುಗಳ ನಡುವೆ ಇಂಗ್ಲಿಷಿಗಿಂತ ಹೆಚ್ಚು ಅಂತರ ಬೇಕು, ಹಾಗಾಗಿ ಜಾಗವನ್ನು ಧಾರಾಳವಾಗಿಯೇ ಬಿಡಿ.

ಹಕ್ಕಿನ ವಿಚಾರವನ್ನೂ ಕೆಲಸಕ್ಕೆ ಮೊದಲೇ ಮಾತನಾಡಿಕೊಳ್ಳುವುದು ಒಳ್ಳೆಯದು. 1957ರ ಹಕ್ಕುಸ್ವಾಮ್ಯ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಹಕ್ಕಿನ ವರ್ಗಾವಣೆ ಲಿಖಿತವಾಗಿರಬೇಕು. ಒಪ್ಪಂದದಲ್ಲಿ ಅವಧಿಯನ್ನು ಹೇಳದಿದ್ದರೆ ಅದು ಐದು ವರ್ಷವೆಂದೂ, ಪ್ರದೇಶವನ್ನು ಹೇಳದಿದ್ದರೆ ಭಾರತಕ್ಕಷ್ಟೇ ಎಂದೂ ಭಾವಿಸಲಾಗುತ್ತದೆ. ಅನುವಾದಗಳಿಗೆ ಬೇರೆ ಸಂಭಾವನೆ ಇದೆಯೇ, ಮೂಲ ಚಿತ್ರಗಳು ನಿಮ್ಮ ಬಳಿಗೆ ಹಿಂದಿರುಗುತ್ತವೆಯೇ ಎಂಬುದನ್ನು ಒಪ್ಪಂದದಲ್ಲಿ ಬರೆಸಿಕೊಳ್ಳಿ. ಬೇರೆಯವರು ತೆಗೆದ ಫೋಟೋಗೂ ಅದೇ ಕಾಯ್ದೆಯ ರಕ್ಷಣೆಯಿದೆ. ಅದನ್ನು ನೋಡಿ ತಿಳಿಯಬಹುದೇ ಹೊರತು ಅದರ ಮೇಲೆ ಕಾಗದವಿಟ್ಟು ಗೆರೆ ಎಳೆಯುವಂತಿಲ್ಲ.

ಪ್ರಶ್ನೆ ಕೇಳಿದವರಿಂದ: ಚಿತ್ರಕಲಾ ಶಿಕ್ಷಕಿ, ತುಮಕೂರು

ತಮ್ಮೆಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಕತೆಯ ಕಾಲವನ್ನು ನವೆಂಬರ್ ಎಂದು ಇಟ್ಟುಕೊಳ್ಳಲು ಲೇಖಕರು ಒಪ್ಪಿದ್ದಾರೆ. ಗೂಡು ಮಿಶ್ರತಳಿಯದು, ಹಳದಿ ಛಾಯೆಯದು ಎಂದೂ ತಿಳಿಸಿದ್ದಾರೆ. ಅಜ್ಜಿಯ ನೆನಪಿನ ಪುಟಗಳನ್ನು ಕಂದು ಮತ್ತು ಅರಿಶಿನ ಬಣ್ಣಗಳಲ್ಲಿ ಮಾತ್ರ ಬರೆದು, ಇಂದಿನ ಪುಟಗಳಿಗೆ ಪೂರ್ಣ ಬಣ್ಣ ಕೊಡಬೇಕೆಂದಿದ್ದೇನೆ. ಎರಡು ಕಾಲಗಳು ಬೇರೆ ಎಂದು ಓದಲು ಬಾರದ ಮಗುವಿಗೂ ತಿಳಿಯಲಿ ಎಂಬುದು ಉದ್ದೇಶ. ಬಿಸಿನೀರಿನ ಪುಟವನ್ನು ಚಿಂತಾಮಣಿಯ ಮೇಡಂ ಹೇಳಿದಂತೆ ಸ್ವಲ್ಪ ದೂರದ ನೋಟದಲ್ಲಿಯೇ ಬರೆಯುತ್ತೇನೆ. ಒಂದು ಸಂದೇಹ ಉಳಿದಿದೆ. ಮುಖಪುಟದ ಒಳಬದಿಯಲ್ಲಿ ಮೊಟ್ಟೆ, ಹುಳು, ಗೂಡು, ಪತಂಗ ಎಂದು ಜೀವನಚಕ್ರ ಬರೆಯಲು ಸಂಪಾದಕರು ಹೇಳಿದ್ದಾರೆ. ಕತೆಯಲ್ಲಿ ಪತಂಗವೇ ಹೊರಬರುವುದಿಲ್ಲವಾದ್ದರಿಂದ ಇದು ಮಕ್ಕಳಿಗೆ ಗೊಂದಲವಾಗುವುದಿಲ್ಲವೇ?

ಉತ್ತರ: ರೇಷ್ಮೆ ಬೆಳೆಗಾರ, ಶಿಡ್ಲಘಟ್ಟ ತಾಲ್ಲೂಕು

ಗೊಂದಲವಾಗದಂತೆ ಬರೆಯಬಹುದು ಮೇಡಂ. ನಾವು ಮಾರುವ ಗೂಡು ನೂಲಿಗೆ ಹೋಗುತ್ತದೆ. ಬಿತ್ತನೆ ಗೂಡು ಬೇರೆಯೇ ಇರುತ್ತದೆ, ಅದು ಮೊಟ್ಟೆ ತಯಾರಿಸುವ ಕೇಂದ್ರಕ್ಕೆ ಹೋಗುತ್ತದೆ. ಪತಂಗ ಹೊರಬರುವುದು ಅಲ್ಲಿ. ಚಕ್ರದಲ್ಲಿ ಗೂಡಿನ ನಂತರ ಎರಡು ದಾರಿ ತೋರಿಸಿ, ಒಂದನ್ನು ನೂಲಿನ ಕಡೆಗೂ ಇನ್ನೊಂದನ್ನು ಪತಂಗದ ಕಡೆಗೂ ಎಳೆದರೆ ಸತ್ಯವೂ ಆಗುತ್ತದೆ, ಮಕ್ಕಳಿಗೂ ತಿಳಿಯುತ್ತದೆ. ಪತಂಗವನ್ನು ಕೆನೆ ಬಿಳುಪಿನಲ್ಲಿ, ದಪ್ಪ ಹೊಟ್ಟೆಯೊಂದಿಗೆ, ಬಾಚಣಿಗೆಯ ಹಲ್ಲುಗಳಂತಿರುವ ಮೀಸೆಯೊಂದಿಗೆ ಕಾಗದದ ಮೇಲೆ ಕೂತಂತೆ ಬರೆಯಿರಿ. ಅದಕ್ಕೆ ರೆಕ್ಕೆಯಿದ್ದರೂ ಹಾರಲು ಬಾರದು.

ನೋಡಲು ಬರುವುದಾದರೆ ನಾಲ್ಕನೇ ಜ್ವರ ಎದ್ದ ಮೇಲೆ, ಹುಳು ಹಣ್ಣಾಗುವ ಮುನ್ನ ಬನ್ನಿ. ಹಣ್ಣಾದ ದಿನ ಮನೆಯವರಿಗೆಲ್ಲ ಹುಳು ಹೆಕ್ಕುವ ಅವಸರ, ನಿಮ್ಮೊಂದಿಗೆ ಮಾತನಾಡಲು ಯಾರಿಗೂ ಬಿಡುವಿರುವುದಿಲ್ಲ. ಆ ದಿನವನ್ನೂ ನೋಡಬೇಕೆಂದಿದ್ದರೆ ಒಂದು ಮೂಲೆಯಲ್ಲಿ ಕೂತು ಬರೆದುಕೊಳ್ಳಬಹುದು. ಗೂಡಿನ ಹರಾಜು ನೋಡಲು ಶಿಡ್ಲಘಟ್ಟದ ಸರ್ಕಾರಿ ಮಾರುಕಟ್ಟೆಗೆ ಬೆಳಿಗ್ಗೆಯೇ ಬರಬೇಕು. ಗೂಡಿನ ರಾಶಿಯನ್ನು ಹರಡಿ, ರೀಲರ್‌ಗಳು ಕೈಯಲ್ಲಿ ಹಿಡಿದು ಅದುಮಿ ನೋಡುವ ಹೊತ್ತು ಅದೇ. ಮಧ್ಯಾಹ್ನ ಬಂದರೆ ಖಾಲಿಯಾದ ಕಟ್ಟಡವಷ್ಟೇ ಕಾಣುತ್ತದೆ.